ಗಾಡಿಯ ‘ಸೆಲ್ಫ್’ ಕೈಕೊಡುವ ಮುಂಚೆ ಕೊಡುವ ಸೂಚನೆಗಳು

– ಮಾಟುಂಗದ ಒಬ್ಬ ಹೋಟೇಲಿಗ



ನಮ್ಮ ಕಸುಬಿನಲ್ಲಿ ಸಾಂಬಾರು ಕುದಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಬಿಸಿಯಾಗಿಯೇ ಗಿರಾಕಿಯ ಎಲೆಗೆ ಬೀಳಬೇಕು. ಹೋಟೇಲು ಮಾತ್ರ ನಡೆಸುವವರಿಗೆ ಅಡುಗೆಮನೆಯಿಂದ ಮೇಜಿಗೆ ಇಪ್ಪತ್ತು ಹೆಜ್ಜೆ. ಕ್ಯಾಟರಿಂಗ್ ಆರ್ಡರ್ ಹಿಡಿಯುವವರಿಗೆ ಅದೇ ಇಪ್ಪತ್ತು ಹೆಜ್ಜೆ ಮಾಟುಂಗದಿಂದ ಚೆಂಬೂರು, ಮುಲುಂಡ್, ಕೆಲವೊಮ್ಮೆ ನವಿ ಮುಂಬಯಿವರೆಗೆ ಹೋಗುತ್ತದೆ. ನಡುವೆ ಇರುವುದು ಒಂದು ವ್ಯಾನು. 300 ಜನರ ಊಟ ತುಂಬಿಸಿ ಹಿಂದಿನ ಬಾಗಿಲು ಹಾಕಿದ ಮೇಲೆ ಡ್ರೈವರ್ ಕೀ ತಿರುಗಿಸಿದಾಗ ಗಾಡಿ ಬರೀ ‘ಟಕ್’ ಎಂದು ಸುಮ್ಮನಾದರೆ ಏನು ಗತಿ? ಬೇಯಿಸಿದ ಆಹಾರವನ್ನು ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕು, ಸಾಮಾನ್ಯ ಶಾಖದಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಡಿ ನಿಂತರೂ ಗಡಿಯಾರ ನಿಲ್ಲುವುದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಹತ್ತನೇ ಕ್ಲಾಸು ಮುಗಿಸಿ ಊರು ಬಿಟ್ಟು ಬಂದವನು. ಆದರೆ ವರ್ಷಗಟ್ಟಲೆ ಮುಂಜಾನೆ ವಾಶಿ ಮಾರ್ಕೆಟಿಗೂ ಮಧ್ಯಾಹ್ನ ಆರ್ಡರಿಗೂ ಗಾಡಿ ಕಳುಹಿಸಿ, ಗ್ಯಾರೇಜಿನವರ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಒಂದೇ ಮಾತು: ಸೆಲ್ಫ್ ಸಾಮಾನ್ಯವಾಗಿ ಒಂದೇ ದಿನದಲ್ಲಿ ಸಾಯುವುದಿಲ್ಲ. ಕೆಲವು ದಿನ ಮುಂಚೆಯೇ ಸದ್ದು ಮಾಡಿ ಹೇಳುತ್ತದೆ. ಆ ಸದ್ದು ಡ್ರೈವರನ ಕಿವಿಗೆ ಬೀಳುತ್ತದೆ, ಮಾಲೀಕರ ಕಿವಿಗೆ ಬೀಳುವುದಿಲ್ಲ. ಸೋಲುವುದು ಅಲ್ಲಿ.

ಸೆಲ್ಫ್ ಎಂದರೇನು?

ಹಿಂದೆ ಗಾಡಿಯ ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬವರು ತಯಾರಿಸಿದ ವಿದ್ಯುತ್ ಸ್ಟಾರ್ಟರನ್ನು 1912ರ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದರು. ಗಾಡಿ ತಾನೇ ಶುರುವಾಗುತ್ತದೆ ಎಂಬ ಅರ್ಥದಲ್ಲಿ ಅದು ‘ಸೆಲ್ಫ್ ಸ್ಟಾರ್ಟರ್’. ನಮ್ಮ ಬಾಯಲ್ಲಿ ಬರೀ ‘ಸೆಲ್ಫ್’ ಆಗಿ ಉಳಿಯಿತು. ನಮ್ಮ ದೇಶದಲ್ಲಿ ಅಂಬಾಸಿಡರ್ ಕಾಲದವರೆಗೂ ಕಷ್ಟಕಾಲಕ್ಕೆ ಹ್ಯಾಂಡಲ್ ಇತ್ತು. ಈಗಿನ ಗಾಡಿಗಳಲ್ಲಿ ಹ್ಯಾಂಡಲ್ ಹಾಕುವ ತೂತೂ ಇಲ್ಲ. ಸೆಲ್ಫ್ ಹೋದರೆ ತಳ್ಳಬೇಕು, ಇಲ್ಲವೇ ಟೋ ಮಾಡಬೇಕು.

ಸೆಲ್ಫ್ ಒಂದು ಚಿಕ್ಕ ಆದರೆ ಬಲವಾದ ಮೋಟರು. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಲ್ಲಿ, ಸಾಧಾರಣವಾಗಿ ಕೆಳಗಡೆ ಕೂತಿರುತ್ತದೆ. ಕೀ ತಿರುಗಿಸಿದಾಗ ಅದರ ಸೊಲೆನಾಯ್ಡ್ ಎಂಬ ಭಾಗ ಎರಡು ಕೆಲಸ ಮಾಡುತ್ತದೆ. ಒಂದು, ಪಿನಿಯನ್ ಎಂಬ ಪುಟ್ಟ ಹಲ್ಲಿನ ಚಕ್ರವನ್ನು ಮುಂದೆ ದೂಡಿ ಎಂಜಿನ್ನಿನ ದೊಡ್ಡ ರಿಂಗ್ ಗೇರಿಗೆ ಕಚ್ಚಿಸುತ್ತದೆ. ಎರಡು, ಬ್ಯಾಟರಿಯ ಪೂರ್ತಿ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಎಂಜಿನ್ ಹಿಡಿದ ಕೂಡಲೇ ಪಿನಿಯನ್ ಹಿಂದೆ ಸರಿಯುತ್ತದೆ. ಎಲ್ಲ ಸೇರಿ ಒಂದೆರಡು ಸೆಕೆಂಡಿನ ಕೆಲಸ. ಆದರೆ ಆ ಹೊತ್ತಿನಲ್ಲಿ ಸಣ್ಣ ಪೆಟ್ರೋಲ್ ಗಾಡಿಯ ಸೆಲ್ಫ್ ಕೂಡ 100ರಿಂದ 200 ಆಂಪ್ ಕರೆಂಟು ಎಳೆಯುತ್ತದೆ. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ಒಂದು ಮಾಮೂಲು ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪ್ ಮಾತ್ರ. ಆದ್ದರಿಂದ ‘ಹಾರ್ನ್ ಹೊಡೆಯುತ್ತದೆ, ಲೈಟು ಉರಿಯುತ್ತದೆ, ಬ್ಯಾಟರಿ ಸರಿ ಇದೆ’ ಎಂಬ ಮಾತನ್ನು ನಂಬಬೇಡಿ. ಲೈಟು ಉರಿಸುವ ಶಕ್ತಿ ಬೇರೆ, ಸೆಲ್ಫ್ ತಿರುಗಿಸುವ ಶಕ್ತಿ ಬೇರೆ.

ನಮ್ಮ ಗಾಡಿಗಳ ಸೆಲ್ಫ್ ಬೇಗ ಸವೆಯುವುದೇಕೆ?

ಟಯರು ಕಿಲೋಮೀಟರಿನ ಲೆಕ್ಕದಲ್ಲಿ ಸವೆಯುತ್ತದೆ. ಸೆಲ್ಫ್ ಸವೆಯುವುದು ಎಷ್ಟು ಸಲ ಕೀ ತಿರುಗಿಸಿದೆವು ಎಂಬ ಲೆಕ್ಕದಲ್ಲಿ. ಮನೆಯ ಕಾರು ದಿನಕ್ಕೆ 4 ಸಲ ಸ್ಟಾರ್ಟ್ ಆದರೆ 300 ದಿನಕ್ಕೆ 1,200 ಸಲ. ಮಾಟುಂಗ, ಸಯನ್, ದಾದರ್ ಸುತ್ತ ಡಬ್ಬ ಕೊಡುತ್ತಾ ತಿರುಗುವ ವ್ಯಾನು ದಿನಕ್ಕೆ 25 ಸಲ ಸ್ಟಾರ್ಟ್ ಆದರೆ ಅದೇ 300 ದಿನಕ್ಕೆ 7,500 ಸಲ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಎಂದು ಸಮಾಧಾನಪಡುವಂತಿಲ್ಲ.

ಇನ್ನೊಂದು ತೊಂದರೆ, ಒಂದು ಬಿಲ್ಡಿಂಗಿನಿಂದ ಇನ್ನೊಂದಕ್ಕೆ ಐದು ನಿಮಿಷ ಓಡಿದರೆ ಸೆಲ್ಫ್ ಹೊಡೆದು ಖರ್ಚಾದ ಕರೆಂಟು ಬ್ಯಾಟರಿಗೆ ಪೂರ್ತಿ ವಾಪಸು ತುಂಬುವುದಿಲ್ಲ. ಅರೆಹೊಟ್ಟೆಯ ಬ್ಯಾಟರಿಯಿಂದ ದಿನವೂ ಕೆಲಸ ತೆಗೆದರೆ ಬ್ಯಾಟರಿಯೂ ಹಾಳು, ಸೆಲ್ಫೂ ಬಿಸಿ. ಮೇಲಿಂದ ಮುಂಬಯಿಯ ಸಮುದ್ರದ ಉಪ್ಪುಗಾಳಿ ಟರ್ಮಿನಲ್‌ಗಳನ್ನೂ ಅರ್ಥ್ ವೈರನ್ನೂ ತಿನ್ನುತ್ತದೆ.

ಅಡುಗೆಮನೆಯ ಮೆಷಿನುಗಳಿಂದ ಕಲಿಯೋಣ

ಗ್ರೈಂಡರಿನ ಸದ್ದು ಬದಲಾದರೆ ಗಲ್ಲಾದಲ್ಲಿ ಕೂತೇ ನಮಗೆ ಗೊತ್ತಾಗುತ್ತದೆ. ಗಾಡಿಯ ಸೆಲ್ಫ್ ಕೂಡ ಅದೇ ಜಾತಿಯ ಮೆಷಿನು. ಕೆಳಗಿನ ಸದ್ದುಗಳನ್ನು ಗುರುತಿಟ್ಟುಕೊಳ್ಳಿ.

1. ಒಂದೇ ಸಲ ಗಟ್ಟಿಯಾಗಿ ‘ಟಕ್’, ಆಮೇಲೆ ಮೌನ. ದೊಡ್ಡ ಗ್ರೈಂಡರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್ ಕೂರುವ ಸದ್ದು ಬಂದರೂ ಮೋಟರು ತಿರುಗದೆ ಇರುವುದನ್ನು ನೀವು ನೋಡಿರಬಹುದು. ಇದೂ ಹಾಗೆಯೇ. ಸೊಲೆನಾಯ್ಡ್ ಎಳೆದಿದೆ, ಆದರೆ ಅದರೊಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟುಹೋಗಿರಬಹುದು, ಅಥವಾ ಮೋಟರಿನ ಬ್ರಷ್ ಸವೆದಿರಬಹುದು. ನಾಲ್ಕೈದು ಸಲ ತಿರುಗಿಸಿದರೆ ಒಮ್ಮೆ ಹಿಡಿಯುತ್ತದೆ ಎಂದಾದರೆ ಅದು ಸ್ಪಷ್ಟ ಎಚ್ಚರಿಕೆ.

2. ‘ಟಕಟಕಟಕ’ ಎಂದು ವೇಗದ ಸದ್ದು. ಇದು ಹೆಚ್ಚಾಗಿ ಸೆಲ್ಫಿನ ದೋಷ ಅಲ್ಲ. ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಸೊಲೆನಾಯ್ಡ್ ಎಳೆಯುತ್ತದೆ, ಕರೆಂಟು ಸಾಲದೆ ಬಿಡುತ್ತದೆ, ಮತ್ತೆ ಎಳೆಯುತ್ತದೆ.

3. ‘ಗರ್… ಗರ್…’ ಎಂದು ಎಳೆದೆಳೆದು ತಿರುಗುವುದು. ಬ್ಯಾಟರಿ ಕಡಿಮೆ ಇದ್ದರೂ ಹೀಗಾಗುತ್ತದೆ, ಸೆಲ್ಫಿನ ಬುಶ್ ಸವೆದು ಒಳಗೆ ಉಜ್ಜುತ್ತಿದ್ದರೂ ಹೀಗಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿ ತಿರುಗಿ, ವಾಶಿಯಿಂದ ಬಂದು ಎಂಜಿನ್ ಬಿಸಿ ಇರುವಾಗ ಮಾತ್ರ ಎಳೆದಾಡಿದರೆ ಸೆಲ್ಫಿನ ಕಡೆಗೇ ಸಂಶಯ ಹೆಚ್ಚು.

4. ‘ಝುಯ್’ ಎಂದು ಮೋಟರು ತಿರುಗುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ. ಮಿಕ್ಸಿಯ ಕಪ್ಲರ್ ಸವೆದಾಗ ಮೋಟರು ಓಡುತ್ತದೆ, ಬ್ಲೇಡು ತಿರುಗುವುದಿಲ್ಲ ಅಲ್ಲವೇ? ಇಲ್ಲಿ ಆ ಕಪ್ಲರಿನ ಜಾಗದಲ್ಲಿ ಇರುವುದು ಗ್ಯಾರೇಜಿನವರು ‘ಬೆಂಡಿಕ್ಸ್’ ಎನ್ನುವ ಭಾಗ. ಅದು ಜಾರುತ್ತಿದೆ ಎಂದರ್ಥ.

5. ‘ಕರಕರ’ ಎಂದು ಹಲ್ಲು ಕಡಿಯುವ ಸದ್ದು. ಪಿನಿಯನ್ನಿನ ಹಲ್ಲು ರಿಂಗ್ ಗೇರಿಗೆ ಸರಿಯಾಗಿ ಕಚ್ಚುತ್ತಿಲ್ಲ. ಇದನ್ನು ಮಾತ್ರ ಮುಂದೂಡಬೇಡಿ. ಪಿನಿಯನ್ ಬದಲಿಸುವುದು ಸಣ್ಣ ಕೆಲಸ. ರಿಂಗ್ ಗೇರಿನ ಹಲ್ಲು ಹೋದರೆ ಗೇರ್‌ಬಾಕ್ಸ್ ಇಳಿಸಬೇಕು. ಗಾಡಿ ದಿನಗಟ್ಟಲೆ ಗ್ಯಾರೇಜಿನಲ್ಲಿ ಕೂರುತ್ತದೆ.

6. ಎಂಜಿನ್ ಹಿಡಿದು ಕೀ ಬಿಟ್ಟ ಮೇಲೂ ಸೆಲ್ಫ್ ಓಡುತ್ತಲೇ ಇರುವುದು. ಇದು ಅಪಾಯ. ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಂಡಿರಬಹುದು ಅಥವಾ ಕೀ ಸ್ವಿಚ್ ಕೆಟ್ಟಿರಬಹುದು. ಎಂಜಿನ್ ಆಫ್ ಮಾಡಿ, ಆಗಲೂ ನಿಲ್ಲದಿದ್ದರೆ ಬ್ಯಾಟರಿಯ ಮೈನಸ್ ವೈರು ಕಳಚಬೇಕು. ಅನೇಕ ಗಾಡಿಗಳಿಗೆ ಇದಕ್ಕೆ ಬೇಕಾದದ್ದು ಒಂದು 10 ನಂಬರಿನ ಪಾನಾ. ಅದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.

7. ಸುಟ್ಟ ವಾಸನೆ, ಹೊಗೆ. ಕೂಡಲೇ ನಿಲ್ಲಿಸಿ. ಎಂಜಿನ್ ಹಿಡಿಯಲಿಲ್ಲವೆಂದು ಅರ್ಧ ನಿಮಿಷ ಒಂದೇ ಸಮನೆ ಸೆಲ್ಫ್ ಹೊಡೆದರೆ ಒಳಗಿನ ವೈಂಡಿಂಗ್ ಸುಡುತ್ತದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುವೆ ಒಂದು ನಿಮಿಷವಾದರೂ ಆರಲು ಬಿಡಬೇಕು.

ಇನ್ನೊಂದು ಸೂಚನೆ ಸದ್ದಿನದ್ದಲ್ಲ. ಸೆಲ್ಫಿನ ಮೈಗೆ ಮೆಲ್ಲಗೆ ತಟ್ಟಿದರೆ ಗಾಡಿ ಸ್ಟಾರ್ಟ್ ಆಗುವುದು. ಮಿಕ್ಸಿಯ ಕಾರ್ಬನ್ ಬ್ರಷ್ ಮುಗಿಯುತ್ತಾ ಬಂದಾಗ ನಮ್ಮ ಭಟ್ಟರು ಅದಕ್ಕೆ ಒಂದು ತಟ್ಟಿ ಎಬ್ಬಿಸುವುದಿಲ್ಲವೇ? ಸೆಲ್ಫಿನಲ್ಲೂ ಅವೇ ಕಾರ್ಬನ್ ಬ್ರಷ್‌ಗಳು ಇವೆ. ತಟ್ಟಿದಾಗ ಸ್ಟಾರ್ಟ್ ಆಯಿತೆಂದರೆ ರಿಪೇರಿ ಆಯಿತೆಂದಲ್ಲ, ಬ್ರಷ್ ಮುಗಿಯಿತೆಂದು. ಆವತ್ತೇ ಗ್ಯಾರೇಜಿಗೆ ಕಳುಹಿಸಿ. ಸುತ್ತಿಗೆಯಿಂದ ಬಡಿಯಲು ಬಿಡಬೇಡಿ. ಈಗಿನ ಎಷ್ಟೋ ಸೆಲ್ಫ್‌ಗಳ ಒಳಗೆ ಅಯಸ್ಕಾಂತಗಳಿವೆ, ಪೆಟ್ಟು ಬಿದ್ದರೆ ಅವು ಒಡೆಯುತ್ತವೆ.

ಬ್ಯಾಟರಿಯೋ, ಸೆಲ್ಫೋ?

ಗಾಡಿ ಎದ್ದೇಳದಿದ್ದರೆ ಡ್ರೈವರ್ ಹೇಳುವ ಮೊದಲ ಮಾತು ‘ಸೇಠ್, ಬ್ಯಾಟರಿ ಡೌನ್’. ನಾವೂ ಅವಸರದಲ್ಲಿ ಹೊಸ ಬ್ಯಾಟರಿ ತಂದು ಹಾಕುತ್ತೇವೆ. ವಾರದ ನಂತರ ಅದೇ ಕತೆ. ಹಣ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಇದಕ್ಕೆ ಖರ್ಚು ಏನೂ ಇಲ್ಲ.

ಸಂಜೆ ಗಾಡಿಯನ್ನು ಗೋಡೆಗೆ ಮುಖ ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ. ಹೆಡ್‌ಲೈಟ್ ಹಾಕಿ. ಡ್ರೈವರ್ ಸೆಲ್ಫ್ ಹೊಡೆಯಲಿ, ನೀವು ಗೋಡೆಯ ಮೇಲಿನ ಬೆಳಕು ನೋಡಿ. ಕೆಲವು ಹೊಸ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ತಾನೇ ಆರುತ್ತದೆ. ಅಂಥದ್ದರಲ್ಲಿ ಒಳಗಿನ ಲೈಟನ್ನು ನೋಡಿ.

ಬೆಳಕು ಸ್ವಲ್ಪ ಮಂಕಾಗಿ ಎಂಜಿನ್ ಚುರುಕಾಗಿ ತಿರುಗಿದರೆ ಎಲ್ಲ ಸರಿ ಇದೆ.

ಬೆಳಕು ಪೂರ್ತಿ ಕುಗ್ಗಿ ಹೋದರೆ ಮೊದಲು ಬ್ಯಾಟರಿ ಮತ್ತು ಟರ್ಮಿನಲ್ ನೋಡಿ. ಅವು ಸರಿ ಇದ್ದೂ ಹೀಗಾದರೆ ಸೆಲ್ಫ್ ಒಳಗೆ ಜಾಮ್ ಆಗಿ ಮಿತಿಮೀರಿ ಕರೆಂಟು ಎಳೆಯುತ್ತಿದೆ.

ಬೆಳಕು ಒಂದಿಷ್ಟೂ ಮಂಕಾಗದೆ, ಸೆಲ್ಫ್ ಸುಮ್ಮನಿದ್ದರೆ ಅಥವಾ ‘ಟಕ್’ ಎಂದಷ್ಟೇ ಹೇಳಿದರೆ ಕರೆಂಟು ಮೋಟರಿಗೆ ಹೋಗುತ್ತಲೇ ಇಲ್ಲ. ಸೊಲೆನಾಯ್ಡ್, ಬ್ರಷ್, ರಿಲೇ, ವೈರು, ಕೀ ಸ್ವಿಚ್ ಇವುಗಳಲ್ಲಿ ಒಂದು ದೋಷ. ಹೊಸ ಬ್ಯಾಟರಿ ತಂದರೆ ದುಡ್ಡು ದಂಡ.

ವೋಲ್ಟ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯಿಡೀ ನಿಂತ ಗಾಡಿಯ ತುಂಬಿದ ಬ್ಯಾಟರಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಒಂದೋ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಸೆಲ್ಫ್ ಹೆಚ್ಚು ತಿನ್ನುತ್ತಿದೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರಬೇಕು. ಬರದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿ ಮಾಡಿ ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಸಾಕು. ಕಳಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ ಎಂದರೆ?

ಆಗ ಸೆಲ್ಫನ್ನು ಬಯ್ಯಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ. ಇಂಧನವೋ ಸ್ಪಾರ್ಕೋ ಇಲ್ಲ. ಮುಂಬಯಿಯಲ್ಲಿ ನಮ್ಮ ಬಹಳ ವ್ಯಾನುಗಳು ಸಿ.ಎನ್.ಜಿ. ಗಾಡಿಗಳು. ಅವುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಬದಲಾಗುತ್ತವೆ. ಕೆಲವು ಹೊಸ ಮಾದರಿಗಳು ಮಾತ್ರ ನೇರ ಗ್ಯಾಸಿನಲ್ಲೇ ಶುರುವಾಗುತ್ತವೆ. ಗ್ಯಾಸು ಅಗ್ಗವೆಂದು ಪೆಟ್ರೋಲ್ ಟ್ಯಾಂಕನ್ನು ಒಣಗಿಸಿಟ್ಟರೆ ಡ್ರೈವರ್ ಹತ್ತಾರು ಸಲ ಸೆಲ್ಫ್ ಹೊಡೆಯುತ್ತಾನೆ. ಉಳಿಸಿದ ಪೆಟ್ರೋಲಿನ ದುಡ್ಡು ಸೆಲ್ಫಿಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಯಾವಾಗಲೂ ನಾಲ್ಕೈದು ಲೀಟರ್ ಇರಲಿ.

ಮಳೆಗಾಲದ ಎಚ್ಚರಿಕೆ

ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್, ಹಿಂದ್‌ಮಾತಾ ಇವು ಯಾವವು ಎಂದು ಮುಂಬಯಿಯ ಹೋಟೇಲಿಗರಿಗೆ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಯಾರೂ ಮರೆತಿಲ್ಲ. ಅಂಥ ಪ್ರಳಯವೇ ಬೇಕೆಂದಿಲ್ಲ. ಸೆಲ್ಫ್ ಕೆಳಗಡೆ ಇರುವುದರಿಂದ ಮೊಣಕಾಲು ನೀರಿನಲ್ಲಿ ಹಾದುಹೋದರೂ ಅದಕ್ಕೆ ಸ್ನಾನ ಆಗುತ್ತದೆ. ಆ ದಿನ ಏನೂ ಗೊತ್ತಾಗದೆ ಇರಬಹುದು. ಒಳಗೆ ಬ್ರಷ್ಷಿನ ಪುಡಿ ಕೆಸರಾಗಿ, ಬುಶ್ ತುಕ್ಕು ಹಿಡಿದು, ಕೆಲವು ವಾರಗಳ ನಂತರ ‘ಗರ್… ಗರ್…’ ಶುರುವಾಗುತ್ತದೆ. ನೀರಲ್ಲಿ ಹೋದ ಗಾಡಿಯ ಸೆಲ್ಫನ್ನು ಆ ತಿಂಗಳಲ್ಲೇ ಬಿಚ್ಚಿಸಿ ಒಣಗಿಸಿ, ಗ್ರೀಸ್ ಮಾಡಿಸುವುದು ಲಾಭ.

ಇದಕ್ಕಿಂತ ದೊಡ್ಡ ಮಾತು: ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಅದು ಗಾಳಿಯ ಹಾಗೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಮುಗಿಯಿತು. ಹೀಗೆ ಸೆಲ್ಫ್ ಹೊಡೆದು ಕೆಡಿಸಿದ ಎಂಜಿನ್ನಿಗೆ ಮಾಮೂಲು ಪಾಲಿಸಿಯಲ್ಲಿ ವಿಮೆಯವರು ಸಾಧಾರಣವಾಗಿ ಹಣ ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಸೇರ್ಪಡೆಯನ್ನು ಬೇರೆಯಾಗಿ ತೆಗೆದುಕೊಳ್ಳಬೇಕು. ನಿಮ್ಮ ಪಾಲಿಸಿಯಲ್ಲಿ ಅದು ಇದೆಯೇ ಎಂದು ಮಳೆಗೆ ಮುಂಚೆ ನೋಡಿಕೊಳ್ಳಿ. ಗಾಡಿಯನ್ನು ತಳ್ಳಿ ಮೇಲೆ ತಂದು ಟೋ ಮಾಡಿಸಿ. ಊಟಕ್ಕೆ ಬೇರೆ ಟೆಂಪೋ ಕರೆಸಿ. ಟೆಂಪೋದ ಬಾಡಿಗೆ ಎಂಜಿನ್ನಿಗಿಂತ ಅಗ್ಗ.

ದಾರಿಯಲ್ಲಿ ಸಿಕ್ಕಿಬಿದ್ದರೆ

ಜಂಪರ್ ವೈರು ಗಾಡಿಯಲ್ಲಿ ಇರಲಿ. ಎರಡೂ ಬ್ಯಾಟರಿ 12 ವೋಲ್ಟಿನವೇ ಆಗಿರಬೇಕು. ಕೆಂಪು ವೈರು ನಮ್ಮ ಬ್ಯಾಟರಿಯ ಪ್ಲಸ್‌ನಿಂದ ಅವರ ಪ್ಲಸ್‌ಗೆ. ಕಪ್ಪು ವೈರು ಅವರ ಮೈನಸ್‌ನಿಂದ ನಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಜಾಗಕ್ಕೆ, ಬ್ಯಾಟರಿಯಿಂದ ದೂರ. ಜಂಪರ್ ಹಾಕಿದ ಮೇಲೂ ಅದೇ ‘ಟಕ್’ ಬಂದರೆ ದೋಷ ಬ್ಯಾಟರಿಯದ್ದಲ್ಲ ಎಂದು ಅಲ್ಲೇ ತೀರ್ಮಾನವಾಗುತ್ತದೆ.

ಕೈಯಿಂದ ಗೇರ್ ಹಾಕುವ ಗಾಡಿಯನ್ನು ತಳ್ಳಿ ಎಬ್ಬಿಸಬಹುದು. ಕೀ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರಿನಲ್ಲಿಟ್ಟು, ಗಾಡಿ ಓಟ ಹಿಡಿದಾಗ ಕ್ಲಚ್ ಬಿಡುವುದು. ಆಟೋಮ್ಯಾಟಿಕ್ ಗಾಡಿಗೆ ಈ ಕೆಲಸ ಮಾಡಬೇಡಿ. ಎಂಜಿನ್ ಬಂದ್ ಇರುವಾಗ ಬ್ರೇಕೂ ಸ್ಟೀರಿಂಗೂ ಬಿಗಿಯಾಗಿರುತ್ತವೆ, ಆದ್ದರಿಂದ ಇಳಿಜಾರಿನಲ್ಲಿ, ಟ್ರಾಫಿಕ್ಕಿನಲ್ಲಿ ಬೇಡ. ಬಿಸಿ ಸಾಂಬಾರಿನ ಪಾತ್ರೆ ಒಳಗಿರುವಾಗ ಅಂತೂ ಬೇಡವೇ ಬೇಡ. ಜರ್ಕ್ ಹೊಡೆದರೆ ಮುಚ್ಚಳ ಹಾರಿ ಹುಡುಗರ ಮೈಮೇಲೆ ಬೀಳುತ್ತದೆ.

ರಿಪೇರಿಗೆ ಕೊಡುವಾಗ

ಸೆಲ್ಫ್ ಹೋಯಿತೆಂದ ಮಾತ್ರಕ್ಕೆ ಹೊಸದೇ ಬೇಕೆಂದಿಲ್ಲ. ಬ್ರಷ್, ಬುಶ್, ಬೆಂಡಿಕ್ಸ್, ಸೊಲೆನಾಯ್ಡ್ ಎಲ್ಲವೂ ಬೇರೆ ಬೇರೆಯಾಗಿ ಸಿಗುತ್ತವೆ. ಮುಖ್ಯ ಆರ್ಮೇಚರ್ ಸುಟ್ಟಿದ್ದರೆ ಮಾತ್ರ ಹೊಸ ಸೆಲ್ಫಿನ ಬೆಲೆ ವಿಚಾರಿಸಿ ಲೆಕ್ಕ ಹಾಕಿ. ಮೂರು ಮಾತು ಕೇಳಿ: ಏನು ಸವೆದಿತ್ತು? ಹಳೇ ಸಾಮಾನು ತೋರಿಸುತ್ತೀರಾ? ಬ್ಯಾಟರಿಯಿಂದ ಸೆಲ್ಫಿಗೆ ಬರುವ ವೈರೂ ಅರ್ಥ್ ವೈರೂ ನೋಡಿದ್ದೀರಾ? ಎಂಜಿನ್ ಆಯಿಲ್ ಸೋರಿ ಸೆಲ್ಫಿನ ಮೇಲೆ ಬೀಳುತ್ತಿದ್ದರೆ ಆ ಸೋರಿಕೆ ನಿಲ್ಲಿಸದೆ ಹೊಸ ಬ್ರಷ್ ಹಾಕಿದರೆ ಅದೂ ಹೋಗುತ್ತದೆ.

ಡ್ರೈವರನ ಬಾಯಿ ಕಟ್ಟಬೇಡಿ

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಡ್ರೈವರ್ ಒಂದು ದಿನ ‘ಸೇಠ್, ಸೆಲ್ಫ್ ಸ್ವಲ್ಪ ಆವಾಜ್ ಮಾಡುತ್ತಿದೆ’ ಎನ್ನುತ್ತಾನೆ. ಗಲ್ಲಾದಲ್ಲಿ ರಶ್ಶು. ‘ಸರಿಯಾಗಿ ಓಡಿಸಿದರೆ ಯಾಕೆ ಆವಾಜ್ ಬರುತ್ತದೆ?’ ಎಂದು ಒಂದು ಮಾತು ಅಂದರೆ ಮುಗಿಯಿತು. ಮುಂದಿನ ಸಲ ಅವನು ಹೇಳುವುದಿಲ್ಲ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವುದು, ಆರ್ಡರ್ ಇಳಿಸುವಾಗ ಎಂಜಿನ್ ಬಂದ್ ಮಾಡದೆ ಇರುವುದು, ಹೀಗೆ ತನಗೆ ತಿಳಿದ ಉಪಾಯ ಮಾಡುತ್ತಾನೆ. ಇವೂ ಸೂಚನೆಗಳೇ. ಯಾವತ್ತೂ ಬಂದ್ ಮಾಡುವ ಡ್ರೈವರ್ ಈಚೆಗೆ ಎಂಜಿನ್ ಓಡಿಸಿಯೇ ಬಿಡುತ್ತಿದ್ದಾನೆಂದರೆ, ಬಯ್ಯುವ ಮುಂಚೆ ಯಾಕೆಂದು ಕೇಳಿ.

ನಮ್ಮಲ್ಲಿ ಗಾಡಿಯ ಕೀ ನೇತುಹಾಕುವ ಮೊಳೆಯ ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕ ಇದೆ. ರಾತ್ರಿ ಕೀ ಇಡುವಾಗ ಡ್ರೈವರ್ ತಾರೀಕು ಹಾಕಿ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತೋ ಇಲ್ಲವೋ, ಸದ್ದು ಹೇಗಿತ್ತು ಎಂದು ಒಂದು ಗೆರೆ ಬರೆಯುತ್ತಾನೆ. ಯಾವ ಭಾಷೆಯಲ್ಲಾದರೂ ಸರಿ. ಒಂದೇ ದೂರು ಎರಡು ಸಲ ಬಂದರೆ, ಆರ್ಡರ್ ಇಲ್ಲದ ದಿನ ನೋಡಿ ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಮದುವೆಯ ದಿನ ಬೆಳಿಗ್ಗೆ ಮಾಡಿಸುವ ರಿಪೇರಿಗೂ ಖಾಲಿ ಮಂಗಳವಾರ ಮಾಡಿಸುವ ರಿಪೇರಿಗೂ ಎಷ್ಟು ವ್ಯತ್ಯಾಸ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಲು:

ಒಂದೇ ‘ಟಕ್’ – ಸೊಲೆನಾಯ್ಡ್ ಅಥವಾ ಬ್ರಷ್
‘ಟಕಟಕಟಕ’ – ಬ್ಯಾಟರಿ, ಟರ್ಮಿನಲ್
‘ಗರ್… ಗರ್…’ – ಬ್ಯಾಟರಿ ನೋಡಿ, ಆಮೇಲೆ ಬುಶ್
‘ಝುಯ್’, ಎಂಜಿನ್ ತಿರುಗದು – ಬೆಂಡಿಕ್ಸ್
‘ಕರಕರ’ – ಹಲ್ಲು, ತಡಮಾಡಬೇಡಿ
ಕೀ ಬಿಟ್ಟರೂ ಓಡುವುದು – ಬ್ಯಾಟರಿಯ ಮೈನಸ್ ಕಳಚಿ
ತಿರುಗುತ್ತದೆ, ಹಿಡಿಯದು – ಪೆಟ್ರೋಲ್ ನೋಡಿ
10 ಸೆಕೆಂಡ್ ಹೊಡೆ, 1 ನಿಮಿಷ ಬಿಡು
ನೀರಿನಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆಯಬೇಡ